ಪ್ಲಗ್ಗಿನ ಸಂದು ನೋಡಿದಿರಾ?

ಕಳೆದ ಮಳೆಗಾಲ. ತೋಟದಲ್ಲಿ ಮೊಣಕಾಲೆತ್ತರ ಹುಲ್ಲು. ಆಳುಗಳು ಬಂದಾಗಿದೆ, ಕಳೆ ಕತ್ತರಿಸುವ ಯಂತ್ರ ಮಾತ್ರ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗಲೊಲ್ಲದು. ಪೇಟೆಗೆ ಒಯ್ದೆ. ಒಂದು ದಿನದ ಮಜೂರಿ ದಂಡ. ಮೆಕ್ಯಾನಿಕ್ ಮಾಡಿದ್ದು ಹತ್ತೇ ನಿಮಿಷದ ಕೆಲಸ: ಪ್ಲಗ್ ಶುಚಿ ಮಾಡಿ, ಸಂದು ಸರಿಪಡಿಸಿದ್ದು. ಅಂದಿನಿಂದ ಅದನ್ನು ನಾನೇ ಮಾಡ್ತೇನೆ.

ಎಂಜಿನ್ ತಣಿದಿರಲಿ. ಪ್ಲಗ್ಗಿನ ಸುತ್ತಲಿನ ಮಣ್ಣು ಒರೆಸಿಯೇ ಬಿಚ್ಚಿ. ಇಲ್ಲವಾದರೆ ಸಿಲಿಂಡರಿನೊಳಗೆ ಬೀಳುತ್ತದೆ. ತುದಿ ತಿಳಿ ಕಂದು ಬಣ್ಣವಿದ್ದರೆ ತೊಂದರೆಯಿಲ್ಲ. ಜಿಡ್ಡು ಮಸಿ ಕಟ್ಟಿದ್ದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಹೆಚ್ಚಾಗಿರಬಹುದು, ಏರ್ ಫಿಲ್ಟರ್ ಕಟ್ಟಿರಲೂಬಹುದು. ಪೆಟ್ರೋಲಿನಲ್ಲಿ ಬ್ರಶ್ ಹಾಕಿ ತೊಳೆದು ಒಣಗಿಸಿ.

ಸಂದು ಎಷ್ಟೆಂದು ಯಂತ್ರದ ಪುಸ್ತಕದಲ್ಲಿದೆ. ನನ್ನದಕ್ಕೆ 0.6ರಿಂದ 0.7 ಮಿ.ಮೀ. ಫೀಲರ್ ಗೇಜಿನ ಆ ದಪ್ಪದ ಎಲೆ ತುಸು ತಾಗುತ್ತಾ ಜಾರಬೇಕು. ಸಂದು ಹೆಚ್ಚಾದರೆ ಕಿಡಿ ಹಾರದು, ಕಮ್ಮಿಯಾದರೆ ಕಿಡಿಗೆ ಬಲವಿಲ್ಲ. ಹೊರಗಿನ ಬಾಗಿದ ಕಡ್ಡಿಯನ್ನಷ್ಟೇ ಬಗ್ಗಿಸಿ. ನಡುವಿನದಕ್ಕೆ ಬಲ ಹಾಕಿದರೆ ಪಿಂಗಾಣಿ ಒಡೆಯುತ್ತದೆ. ನನ್ನ ಒಂದು ಪ್ಲಗ್ ಹೋದದ್ದು ಹಾಗೇ.

ಮರಳಿ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರ್. ಥ್ರೆಡ್ ಹಾಳಾದರೆ ರಿಪೇರಿ ದುಬಾರಿ. ಮಳೆಗಾಲಕ್ಕೆ ಮೊದಲೇ ಒಂದು ಹೊಸ ಪ್ಲಗ್ ತಂದಿಟ್ಟುಕೊಳ್ಳಿ.