ಮಳೆಗಾಲಕ್ಕೆ ಮುಂಚಿನ ಇಂಡೆಂಟ್

ತಾಲ್ಲೂಕು ಆಸ್ಪತ್ರೆಗೆ ಬಹುಪಾಲು ಔಷಧ ಬರುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದಿಂದ. ಅಲ್ಲಿ ಸಿಗದ್ದಕ್ಕೆ ಲೋಕಲ್ ಪರ್ಚೇಸ್. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಖರೀದಿ ಕಡತ ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗುತ್ತದೆ. ಔಷಧ ಏಜೆನ್ಸಿಯ ಗಾಡಿ ಹುಬ್ಬಳ್ಳಿ ಕಡೆಯಿಂದ ಬರುತ್ತದೆ. ಫಾರ್ಮಸಿಯಲ್ಲಿ ಕೂತು ಇವೆರಡನ್ನೂ ಹೊಂದಿಸುತ್ತ ಕಲಿತ ಕೆಲವು ಸಂಗತಿಗಳು ಇವು.

1. ಇಂಡೆಂಟ್ ಬರೆಯುವ ಮುನ್ನ ವಾರ್ಡಿಗೆ ಹೋಗಿ.
ಮೊದಮೊದಲು ಹಿಂದಿನ ವರ್ಷದ ಲೆಕ್ಕ ನೋಡಿಯೇ ಇಂಡೆಂಟ್, ಅಂದರೆ ಬೇಡಿಕೆ ಪಟ್ಟಿ, ಬರೆಯುತ್ತಿದ್ದೆ. ಹಾವು ಕಡಿತದ ಔಷಧಕ್ಕೆ ‘ಎಎಸ್‌ವಿ’ ಎಂದಷ್ಟೇ ನಮೂದಿಸಿದ್ದರಿಂದ ದ್ರವರೂಪದ್ದು ಬಂತು. ಅದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಕಾಡಿನ ಊರುಗಳಲ್ಲಿ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಬರುವ ಹೊತ್ತು ಹೇಳುವಂತಿಲ್ಲ. “ಪುಡೀದು ತರಿಸಬೇಕಿತ್ರಿ ಸರ, ಒಂದ್ ಮಾತ್ ಕೇಳಿದ್ರ ಹೇಳ್ತಿದ್ವಿ” ಅಂದರು ಸಿಸ್ಟರ್. ಕಳಿಸಿದವರದೇನೂ ತಪ್ಪಿರಲಿಲ್ಲ, ಬರೆದವನು ನಾನು. ವಿಷ ಏರಿದ ಒಬ್ಬ ರೋಗಿಗೆ ಮೊದಲ ಡೋಸಿಗೇ ಸುಮಾರು 10 ವಯಲ್ ಬೇಕು ಎಂಬುದೂ ವಾರ್ಡಿನಲ್ಲಿ ನಿಂತಾಗಲೇ ಮನಸ್ಸಿಗೆ ನಾಟಿದ್ದು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದ ಮೇಲೆ ಆ ಲೆಕ್ಕವೇ ಇಂಡೆಂಟಿಗೆ ಒಳ್ಳೆಯ ಆಧಾರ.

2. ಬಿಲ್ಲಿನ ಸ್ಥಿತಿ ನೀವೇ ಫೋನ್ ಮಾಡಿ ಹೇಳಿ.
ಅನುದಾನ ತಡವಾದರೆ ಸಣ್ಣ ಏಜೆನ್ಸಿಯವರ ಬಂಡವಾಳ ಸಿಕ್ಕಿಬೀಳುತ್ತದೆ. ಕಡತ ಯಾವ ಮೇಜಿನ ಮೇಲಿದೆ ಎಂದು ತಿಳಿಸಿದರೆ ಅವರು ಕಾಯುತ್ತಾರೆ. ಫೋನ್ ಎತ್ತದಿದ್ದರೆ ಮುಂದಿನ ಸಲ ಕೊಟೇಷನ್ನೇ ಹಾಕುವುದಿಲ್ಲ.

3. ಗಾಡಿ ನಿಂತಿರುವಾಗಲೇ ಡಬ್ಬಿ ಬಿಚ್ಚಿ.
ಇನ್‌ವಾಯ್ಸಿನ ಬ್ಯಾಚ್ ನಂಬರ್, ಎಕ್ಸ್‌ಪೈರಿ ಎರಡನ್ನೂ ಔಷಧದ ಸ್ಟ್ರಿಪ್ಪಿನ ಮೇಲಿನದರೊಂದಿಗೆ ತಾಳೆ ನೋಡಬೇಕು. ಪರಿಚಯದ ಚಾಲಕ, ಹೊರಗೆ ಮಳೆ, ಆಮೇಲೆ ನೋಡೋಣ ಅನ್ನಿಸುತ್ತದೆ. ಸಹಿ ಬಿದ್ದ ಮೇಲೆ ಶಾರ್ಟ್ ಎಕ್ಸ್‌ಪೈರಿ ಮಾಲು ವಾಪಸು ಕಳಿಸುವುದು ಇಬ್ಬರಿಗೂ ಮುಜುಗರ.

4. ದೀಪಾವಳಿಯ ಡಬ್ಬಿಯನ್ನು ನಗುತ್ತಲೇ ವಾಪಸು ಕೊಡಿ.
2024ರ ಮಾರ್ಚಿನಲ್ಲಿ ಕೇಂದ್ರ ಹೊರಡಿಸಿದ ಮಾರಾಟ ಸಂಹಿತೆ ಔಷಧ ಕಂಪನಿಗಳು ಉಡುಗೊರೆ ಕೊಡಬಾರದೆನ್ನುತ್ತದೆ. ನನಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ: ಡಬ್ಬಿ ತಂದವರಿಗೇ ಆರ್ಡರ್ ಎಂಬ ಮಾತು ಒಮ್ಮೆ ಹಬ್ಬಿದರೆ, ಸರಿಯಾದ ದರ ಹಾಕುವವರು ದೂರ ಉಳಿಯುತ್ತಾರೆ. ಬಂದವರಿಗೆ ಚಹಾ ನಮ್ಮ ಖರ್ಚಿನಲ್ಲಿ, ಕೊಟೇಷನ್ ತೆರೆಯುವುದು ಎಲ್ಲರ ಎದುರು.

5. ಪಕ್ಕದ ತಾಲ್ಲೂಕನ್ನು ಮೊದಲು ಕೇಳಿ.
ಒಂದು ಕಡೆ ಅವಧಿ ಮುಗಿಯಲಿರುವ ಔಷಧ ಇನ್ನೊಂದು ಕಡೆ ಇಂದೇ ಬೇಕಾಗಿರಬಹುದು. ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಎರಡೂ ಆಸ್ಪತ್ರೆಗಳ ಸ್ಟಾಕ್ ರಿಜಿಸ್ಟರಿನಲ್ಲಿ ಬ್ಯಾಚ್ ನಂಬರ್ ಸಮೇತ ಬರೆದು ಕಳಿಸಿದರೆ ಖರೀದಿಯೇ ಬೇಕಾಗುವುದಿಲ್ಲ.