ನಿಮ್ಮ ಸ್ವಂತ ಪಾತ್ರಕ್ಕೆ ಟ್ಯಾಗ್ ಹಾಕುವುದು ಹೇಗೆ?

ಡರ್ಪಿಬೂರು ಅಂದರೆ 'ಮೈ ಲಿಟಲ್ ಪೋನಿ' ಅಭಿಮಾನಿಗಳ ಚಿತ್ರಭಂಡಾರ, 2012ರಿಂದ ನಡೆಯುತ್ತಿದೆ. ಟಿವಿ ಸರಣಿಯ ಪೋನಿಗಳ ಜೊತೆಗೆ ಅಭಿಮಾನಿಗಳೇ ಹುಟ್ಟಿಸಿದ ಪೋನಿಗಳೂ ಅಲ್ಲಿ ಬೇಕಾದಷ್ಟಿವೆ. ಇಂಥ ಸ್ವಂತ ಪಾತ್ರವನ್ನು ಅಲ್ಲಿ 'ಓಸಿ' ಅನ್ನುತ್ತಾರೆ. ನೀವೂ ಒಂದು ಪೋನಿ ಬರೆದು, ಅಪ್‌ಲೋಡ್ ಮಾಡಲು ಹೋಗಿ, ಟ್ಯಾಗ್ ಬಾಕ್ಸ್ ನೋಡಿ ಕೈಬಿಟ್ಟಿದ್ದೀರಾ? ಭಯಪಡಬೇಡಿ. ಒಂದೊಂದೇ ಹೆಜ್ಜೆ ಇಡೋಣ. ಟ್ಯಾಗ್‌ಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಅವುಗಳ ಉಚ್ಚಾರಣೆ ಕೊಟ್ಟಿದ್ದೇನೆ.

1. ಹೆಸರಿನ ಸ್ಪೆಲಿಂಗ್ ಗಟ್ಟಿಮಾಡಿ. ನಾವು ಕನ್ನಡಿಗರು ಜಾರುವುದು ಇಲ್ಲೇ. ನಿಮ್ಮ ಪೋನಿಯ ಹೆಸರು 'ನೀಲಿ' ಎಂದಿಟ್ಟುಕೊಳ್ಳಿ. 'ಎನ್' ಆದಮೇಲೆ ಎರಡು 'ಇ' ಹಾಕುತ್ತೀರೋ, ಒಂದು 'ಐ' ಹಾಕುತ್ತೀರೋ? ಇವತ್ತು ಹಾಗೆ, ನಾಳೆ ಹೀಗೆ ಬರೆದರೆ ಕಂಪ್ಯೂಟರ್‌ಗೆ ಅವು ಎರಡು ಬೇರೆ ಪಾತ್ರಗಳು. ಒಂದನ್ನು ಆರಿಸಿ, ಒಂದು ಕಡೆ ಬರೆದಿಟ್ಟುಕೊಳ್ಳಿ.

2. ಆ ಹೆಸರನ್ನು ಸರ್ಚ್ ಮಾಡಿ. ಅದೇ ಹೆಸರಿನ ಬೇರೆಯವರ ಪೋನಿ ಆಗಲೇ ಇದ್ದರೆ ನಿಮ್ಮದಕ್ಕೆ ಇನ್ನೊಂದು ಪದ ಸೇರಿಸಿ: 'ನೀಲಿ ಮಲ್ಲಿಗೆ'. ಇಲ್ಲದಿದ್ದರೆ ಇಬ್ಬರ ಚಿತ್ರಗಳೂ ಒಂದೇ ರಾಶಿಗೆ ಬೀಳುತ್ತವೆ.

3. ಬಾಕ್ಸ್‌ನಲ್ಲಿ 'ಓಸಿ:ನೀಲಿ ಮಲ್ಲಿಗೆ' ಎಂದು ಟೈಪ್ ಮಾಡಿ. ಮೊದಲು 'ಓಸಿ', ಆಮೇಲೆ ಕೋಲನ್, ಜಾಗ ಬಿಡದೆ ಹೆಸರು. ಹೆಸರಿನ ನಡುವೆ ಸ್ಪೇಸ್ ಇದ್ದರೆ ಇಲ್ಲಿ ತೊಂದರೆಯಿಲ್ಲ. ಒಂದು ಟ್ಯಾಗ್ ಮುಗಿಯುವುದು ಕಾಮಾದಿಂದ. ಎಚ್ಚರ: ಡಾನ್‌ಬೂರು ಎಂಬ ಇನ್ನೊಂದು ಭಂಡಾರದಲ್ಲಿ ಸ್ಪೇಸ್ ಬಂದರೆ ಟ್ಯಾಗ್ ಮುಗಿದಂತೆ. ಅಲ್ಲಿ ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಲೇಬೇಕು.

4. ಬರೀ 'ಓಸಿ' ಎಂಬ ಟ್ಯಾಗನ್ನೂ ಸೇರಿಸಿ.

5. ಚಿತ್ರವನ್ನು ಮತ್ತೊಮ್ಮೆ ಪೂರ್ತಿ ನೋಡಿ. ಅದರಲ್ಲಿ ಸ್ವಂತ ಪಾತ್ರಗಳು ಮಾತ್ರ ಇದ್ದರೆ 'ಓಸಿ ಓನ್ಲಿ' ಹಾಕಿ. ಹಿಂದೆ ಮೂಲೆಯಲ್ಲಿ ಸರಣಿಯ ಪೋನಿ ಟ್ವೈಲೈಟ್ ಸ್ಪಾರ್ಕಲ್ ನಿಂತಿದ್ದರೂ ಹಾಕಬೇಡಿ; ಅವಳ ಹೆಸರನ್ನು ಟ್ಯಾಗ್ ಮಾಡಿ. ಸರಣಿಯ ಪೋನಿಗಳನ್ನಷ್ಟೇ ನೋಡಬೇಕೆನ್ನುವವರು 'ಓಸಿ ಓನ್ಲಿ' ಚಿತ್ರಗಳನ್ನು ಮರೆಮಾಡಿಕೊಂಡಿರುತ್ತಾರೆ. ತಪ್ಪಾಗಿ ಹಾಕಿದರೆ ಟ್ವೈಲೈಟ್ ಇರುವ ನಿಮ್ಮ ಚಿತ್ರ ಅವರ ಕಣ್ಣಿಗೇ ಬೀಳುವುದಿಲ್ಲ.

6. 'ಆರ್ಟಿಸ್ಟ್:' ಎಂದು ಬರೆದು ಚಿತ್ರ ಬರೆದವರ ಹೆಸರು ಹಾಕಿ. ಪಾತ್ರ ಒಬ್ಬರದು, ಚಿತ್ರ ಇನ್ನೊಬ್ಬರದು ಆಗಿರಬಹುದು. 'ಫಾಲ್‌ಔಟ್: ಇಕ್ವೆಸ್ಟ್ರಿಯಾ' ಎಂಬ ಅಭಿಮಾನಿ ಕಾದಂಬರಿಯ ಲಿಟಲ್‌ಪಿಪ್‌ಳನ್ನು ನೀವು ಬರೆದರೆ ಆರ್ಟಿಸ್ಟ್ ನೀವೇ. ಆದರೆ ಅವಳ ಹೆಸರು ಕಾದಂಬರಿಯಲ್ಲಿ ಇದ್ದಂತೆ, ಒಂದೇ ಪದವಾಗಿ: 'ಓಸಿ:ಲಿಟಲ್‌ಪಿಪ್'. ಬೇರೆಯವರ ಪಾತ್ರದ ಹೆಸರು ಗೊತ್ತಿಲ್ಲವೇ? ನೀವಾಗಿ ಇಡಬೇಡಿ, ಹುಟ್ಟಿಸಿದವರನ್ನು ಕೇಳಿ. ಹೆಸರಿಡುವ ಹಕ್ಕು ಅವರದೇ.

7. ರೇಟಿಂಗ್ ಟ್ಯಾಗ್ ಕಡ್ಡಾಯ. ಮಕ್ಕಳೂ ನೋಡಬಹುದಾದ ಚಿತ್ರಕ್ಕೆ 'ಸೇಫ್' ಸಾಕು.

8. ಅಪ್‌ಲೋಡ್ ಆದಮೇಲೆ ನಿಮ್ಮ ಪೋನಿಯ ಟ್ಯಾಗ್ ಮೇಲೆ ಕ್ಲಿಕ್ ಮಾಡಿ. ಅವಳ ಎಲ್ಲ ಚಿತ್ರಗಳೂ ಒಂದೇ ಪುಟದಲ್ಲಿ ಬರಬೇಕು. ಯಾವುದಾದರೂ ಬಿಟ್ಟುಹೋಗಿದ್ದರೆ ಅದರ ಸ್ಪೆಲಿಂಗ್ ನೋಡಿ. ಟ್ಯಾಗನ್ನು ಆಮೇಲೂ ತಿದ್ದಬಹುದು, ಹಾಗಾಗಿ ಧೈರ್ಯವಾಗಿ ಶುರುಮಾಡಿ.