ಒಲೆಗೆ ಬೆಂಕಿ, ಹೊಲಕ್ಕೆ ಗೊಬ್ಬರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನನ್ನ ತಮ್ಮಂದಿರೇ, ತಂಗಿಯರೇ,

ಸುಗ್ಗಿ ಮುಗಿದ ಮೇಲೆ ನಿಮ್ಮ ನಿಮ್ಮ ಹೊಲದ ಕಡೆ ಒಮ್ಮೆ ಕಣ್ಣು ಹಾಯಿಸಿ. ತೊಗರಿ ರಾಶಿ ಮಾಡಿದ ಕಣದ ಪಕ್ಕದಲ್ಲಿ ಕಟ್ಟಿಗೆಯ ಬಣವೆ ಇರುತ್ತದೆ. ಹತ್ತಿ ಬಿಡಿಸಿದ ಹೊಲದಲ್ಲಿ ಗಿಡ ನಿಂತಲ್ಲೇ ಒಣಗಿರುತ್ತದೆ. ಕಬ್ಬು ಕಡಿದ ಹೊಲದ ತುಂಬ ರವದಿ ಬಿದ್ದಿರುತ್ತದೆ. ಊರೊಳಗೆ ಬಂದರೆ ತಿಪ್ಪೆ, ಗೋಡೆಗೆ ತಟ್ಟಿದ ಕುಳ್ಳು. ಇವುಗಳಲ್ಲಿ ಬಹುಪಾಲಿಗೆ ನಾವು ತೋರಿಸುವುದು ಬೆಂಕಿಕಡ್ಡಿಯನ್ನು ಮಾತ್ರ.

ನಿಮಗೆ ನಾನು ಹೇಳಬೇಕಾದದ್ದು ಒಂದೇ ಮಾತು. ಸಗಣಿಯಿಂದಲೂ ಹೊಲದ ಉಳಿಕೆಯಿಂದಲೂ ಒಲೆ ಉರಿಸಿ, ದೀಪ ಹಚ್ಚಿ, ಅದರಿಂದ ನಾಲ್ಕು ಕಾಸು ಗಳಿಸಿ. ಆದರೆ ನೆಲದಿಂದ ಬಂದದ್ದರಲ್ಲಿ ನೆಲದ ಪಾಲನ್ನು ನೆಲಕ್ಕೆ ಮುಟ್ಟಿಸಿಯೇ ಮುಂದಿನ ಲೆಕ್ಕಕ್ಕೆ ಹೋಗಿ.

ಮೊದಲು ಸಗಣಿಯ ವಿಚಾರ. ಕುಳ್ಳು ಉರಿಸುವ ಸಾದಾ ಒಲೆಯಲ್ಲಿ ಹುಟ್ಟುವ ಶಾಖದ ಹತ್ತರಲ್ಲಿ ಒಂದು ಪಾಲಷ್ಟೇ ಪಾತ್ರೆಗೆ ತಗಲುತ್ತದೆ. ಉಳಿದದ್ದು ಗಾಳಿಪಾಲು, ಹೊಗೆಯೆಲ್ಲ ಅಡುಗೆ ಮಾಡುವ ತಾಯಿಯ ಎದೆಗೆ. ಸಗಣಿಯಲ್ಲಿದ್ದ ಸಾರಜನಕವೂ ಆ ಹೊಗೆಯ ಜೊತೆ ಹೋಗಿಬಿಡುತ್ತದೆ. ಅದೇ ಸಗಣಿಯನ್ನು ಗೋಬರ್ ಗ್ಯಾಸ್ ಗುಂಡಿಗೆ ಹಾಕಿದರೆ ಗಾಳಿಯಿಲ್ಲದ ಕತ್ತಲಲ್ಲಿ ಸೂಕ್ಷ್ಮಜೀವಿಗಳು ಅದನ್ನು ಅರಗಿಸುತ್ತವೆ. ಅನಿಲದ ರೂಪದಲ್ಲಿ ಹೊರಗೆ ಹೋಗುವುದು ಮುಖ್ಯವಾಗಿ ಮಿಥೇನ್ ಮತ್ತು ಇಂಗಾಲದ ಡೈಆಕ್ಸೈಡ್. ಬೆಳೆಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್ ಅರಗಿ ಹೊರಬರುವ ರಾಡಿಯಲ್ಲೇ, ಅಂದರೆ ಸ್ಲರಿಯಲ್ಲೇ ಉಳಿಯುತ್ತವೆ. ಒಲೆಗೂ ಸಿಕ್ಕಿತು, ಹೊಲಕ್ಕೂ ಸಿಕ್ಕಿತು. ನಮ್ಮ ಎರಿಭೂಮಿಗೆ ಸೇಂದ್ರಿಯ ಅಂಶದ ಕೊರತೆ ಎಷ್ಟಿದೆ ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿದವರೆಲ್ಲ ಬಲ್ಲರು. ಇಂಥ ನೆಲದಲ್ಲಿ ಕುಳ್ಳು ಸುಡುವುದೆಂದರೆ ಗೊಬ್ಬರದ ಚೀಲಕ್ಕೇ ಬೆಂಕಿ ಇಟ್ಟಂತೆ.

ಗುಂಡಿಯ ಕೆಲಸ ಕಷ್ಟದ್ದಲ್ಲ, ಆದರೆ ದಿನ ತಪ್ಪಬಾರದು. ಬೆಳಿಗ್ಗೆ ಕೊಟ್ಟಿಗೆ ಬಳಿದು ತಂದ ಸಗಣಿಯನ್ನು ಕಲಸುವ ತೊಟ್ಟಿಗೆ ಹಾಕಿ, ಅಷ್ಟೇ ತೂಕದ ನೀರು ಬೆರೆಸಿ, ಗಂಟು ಒಡೆಯುವವರೆಗೆ ಕೈಯಿಂದ ಕಲಸಬೇಕು. ಮೇಲೆ ತೇಲುವ ಹುಲ್ಲಿನ ಎಳೆ ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಅದು ಒಳಗೆ ಕೆನೆಗಟ್ಟಿ ಅನಿಲದ ದಾರಿ ಕಟ್ಟುತ್ತದೆ. ಮರಳು, ಮಣ್ಣು ತಳಕ್ಕೆ ಇಳಿದ ಮೇಲೆ ತೊಟ್ಟಿಯ ತೂಬಿನ ಮುಚ್ಚಳ ತೆಗೆದು ತಿಳಿಯಾದ ರಾಡಿಯನ್ನಷ್ಟೇ ಒಳಗೆ ಬಿಡಬೇಕು. ಆಗ ಇನ್ನೊಂದು ಬಾಯಿಯಿಂದ ಅಷ್ಟೇ ಸ್ಲರಿ ತಾನಾಗಿ ಹೊರಗೆ ಬರುತ್ತದೆ. ಚೆನ್ನಾಗಿ ಅರಗಿದ್ದರೆ ಅದಕ್ಕೆ ಸಗಣಿಯ ನಾತ ಇರುವುದಿಲ್ಲ, ನೊಣ ಮುತ್ತುವುದಿಲ್ಲ. ಕೊಳವೆಯ ತಗ್ಗಿನಲ್ಲಿ ನಿಂತ ನೀರನ್ನು ಆಗಾಗ ಬಸಿಯದಿದ್ದರೆ ಒಲೆಯ ಉರಿ ಕುಣಿಯುತ್ತದೆ. ಉರಿ ನೀಲಿಯಾಗಿ ನಿಂತರೆ ಗುಂಡಿ ಸರಿಯಾಗಿದೆ ಎಂದು ತಿಳಿಯಿರಿ. ಈ ಸೂಕ್ಷ್ಮಜೀವಿಗಳಿಗೆ ಸುಮಾರು 35 ಡಿಗ್ರಿ ಶಾಖ ಹಿತ. ಆ ಮಟ್ಟಿಗೆ ನಮ್ಮ ಬಿಸಿಲು ನಮಗೆ ಶತ್ರುವಲ್ಲ.

ಕಟ್ಟಿಸುವ ಮೊದಲು ಲೆಕ್ಕ ಹಾಕಿ. ಒಂದು ಘನ ಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ನಾಲ್ಕೈದು ಜನರ ಮನೆಯ ಅಡುಗೆಗೆ 2 ಘನ ಮೀಟರಿನ ಗುಂಡಿ ಸಾಕು. ಅದಕ್ಕೆ 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ, ಜೊತೆಗೆ 50 ಲೀಟರ್ ನೀರು ಬೇಕು. ಒಂದು ಘನ ಮೀಟರ್ ಅನಿಲ ಹೆಚ್ಚುಕಡಿಮೆ 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ಬೇಸಿಗೆಯಲ್ಲಿ ನೀರಿಗೆ ಪರದಾಡುವ ಊರಿನವರು ದನ ತೊಳೆದ ನೀರನ್ನೂ ಗಂಜಲವನ್ನೂ ಕಲಸಲು ಬಳಸಿಕೊಳ್ಳಿ, ಸೋಪಿನ ನೀರನ್ನು ಮಾತ್ರ ಬಿಡಬೇಡಿ. ಎರಡೇ ದನ ಇದ್ದವರು ಸಬ್ಸಿಡಿ ಸಿಗುತ್ತದೆಂದು ದೊಡ್ಡ ಗುಂಡಿ ತೋಡಿಸಬೇಡಿ. ಹೊಟ್ಟೆ ತುಂಬದ ಗುಂಡಿ ಒಂದು ವರ್ಷದಲ್ಲಿ ಹಾಳುಬಾವಿಯಾಗುತ್ತದೆ.

ನಮ್ಮ ನಾಡಿನಲ್ಲೇ ಇದರ ಎರಡು ದೊಡ್ಡ ಪಾಠಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ವಿಭಾಗ ಕಟ್ಟಿದರು. ಆ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಘಟಕ ಮಾಡಿತು. ಎಲ್ಲರ ಮನೆಯ ಅಡುಗೆಗೆ ಸಾಲುವಷ್ಟು ಸಗಣಿ ಊರಲ್ಲಿ ಇರಲಿಲ್ಲ. ಆಗ ಊರವರ ಜೊತೆ ಕೂತು ಮಾತಾಡಿ, 1987ರಿಂದ ಅದೇ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ಕರೆಂಟು ತೆಗೆದರು. ಮನೆಗೆ ದೀಪ ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ 2 ಪೈಸೆ ಕೊಟ್ಟು, ಅರಗಿದ ಗೊಬ್ಬರವನ್ನೂ ಅವರಿಗೇ ಹಿಂತಿರುಗಿಸಿದರು. ಘಟಕ ನೋಡಿಕೊಂಡವರು ಊರಿನ ಹುಡುಗರೇ. ಈ ಕಥೆಯಲ್ಲಿ ನಾನು ಹೆಚ್ಚು ಗೌರವಿಸುವುದು ಆ ಗೊಬ್ಬರದ ವಾಪಸಾತಿಯನ್ನು. ಕೊಟ್ಟವನ ಹೊಲಕ್ಕೆ ಅವನ ಪಾಲು ಮರಳದಿದ್ದರೆ ಅವನು ಮರುದಿನ ಸಗಣಿ ತರುತ್ತಿರಲಿಲ್ಲ.

ಎರಡನೆಯ ಪಾಠ ಶಿರಸಿಯದು. ಅಲ್ಲಿನ ಗೋಬರ್ ಗ್ಯಾಸ್ ಬಗ್ಗೆ ವಿಜ್ಞಾನ ಸಂಸ್ಥೆಯವರು ಮಾಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಅವರು ನೋಡಿದ ಹಳ್ಳಿಗಳಲ್ಲಿ ಘಟಕಗಳೆಲ್ಲ ನಡೆಯುತ್ತಿದ್ದವು. ಕಾರಣ ದೊಡ್ಡದೇನಲ್ಲ. ಕಟ್ಟಿಕೊಡುವವರು ಅಲ್ಲಿನವರೇ ಆಗಿದ್ದರು, ಕೆಲಸಕ್ಕೆ ಗ್ಯಾರಂಟಿ ಕೊಡುತ್ತಿದ್ದರು, ಕೆಟ್ಟರೆ ಬಂದು ರಿಪೇರಿ ಮಾಡುತ್ತಿದ್ದರು. ನಮ್ಮ ಕಡೆ ಗುಂಡಿಗಳು ಪಾಳು ಬಿದ್ದದ್ದು ಸಗಣಿಯ ತಪ್ಪಿನಿಂದಲ್ಲ, ಸೀಳಿದ ಪೈಪು ಬದಲಿಸುವ ಕೈ ಹತ್ತಿರ ಇಲ್ಲದ್ದರಿಂದ. ಐಟಿಐ ಮುಗಿಸಿ ಪುಣೆ, ಬೆಂಗಳೂರು ಬಸ್ಸಿನ ಕಡೆ ನೋಡುತ್ತಿರುವ ತಮ್ಮಾ, ದೀನಬಂಧು ಮಾದರಿಯ ಗುಂಡಿಯ ಇಟ್ಟಿಗೆ ಗುಮ್ಮಟ ಸೋರದಂತೆ ಕಟ್ಟುವುದನ್ನು ಕಲಿ. ಹತ್ತು ಹಳ್ಳಿಗೆ ಒಬ್ಬ ನಂಬಿಗಸ್ತ ಕೆಲಸಗಾರ ಇದ್ದರೆ ಅವನಿಗೂ ಅನ್ನವಿದೆ, ಹಳ್ಳಿಗೂ ಉರಿಯಿದೆ.

ಇನ್ನು ಕಟ್ಟಿಗೆಯ ಮಾತು. ತೊಗರಿ, ಹತ್ತಿಯ ಕಟ್ಟಿಗೆಯನ್ನು ಗೋಬರ್ ಗ್ಯಾಸ್ ಗುಂಡಿಗೆ ಹಾಕಬೇಡಿ. ಅದರ ಗಟ್ಟಿ ನಾರನ್ನು ಆ ಜೀವಿಗಳು ಅರಗಿಸಲಾರವು. ಅದನ್ನು ಪುಡಿ ಮಾಡಿ ಒತ್ತಿ ಪೆಲೆಟ್ ಮಾಡುವುದು ಸರಿಯಾದ ದಾರಿ. ಬಸವನ ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ, ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರುತ್ತದೆ. ಕಲ್ಲಿದ್ದಲಿನ ಜೊತೆ ಬೆಳೆ ಉಳಿಕೆಯ ಪೆಲೆಟ್ ಬೆರೆಸಿ ಉರಿಸಬೇಕೆಂದು ಕೇಂದ್ರ ಸರ್ಕಾರ 2021ರಲ್ಲಿ ನೀತಿ ಮಾಡಿ, ಶೇ 5ರ ಪ್ರಮಾಣದಿಂದ ಶುರು ಮಾಡಲು ಹೇಳಿತು. ಸಿಂದಗಿಯ ಹತ್ತಿ ಕಟ್ಟಿಗೆಗೆ, ಮುದ್ದೇಬಿಹಾಳದ ತೊಗರಿ ಕಟ್ಟಿಗೆಗೆ ಬೆಲೆ ಬರುವ ದಾರಿ ಇದು. ರೈತ ಉತ್ಪಾದಕ ಕಂಪನಿ ಮಾಡಿಕೊಂಡ ಹುಡುಗರು ಇದರ ಖರ್ಚುವೆಚ್ಚ ಬರೆದು ನೋಡಿ. ಹತ್ತಿ ಗಿಡವನ್ನು ಹೊಲದಲ್ಲಿ ಉಳಿಸಿದರೆ ಗುಲಾಬಿ ಕಾಯಿಕೊರಕ ಮುಂದಿನ ಬೆಳೆಗೂ ಕಾದು ಕೂರುತ್ತದೆ. ಕಿತ್ತು ತೆಗೆದರೆ ಎರಡು ಲಾಭ.

ಆದರೆ ಎಲ್ಲವನ್ನೂ ಮಾರಬೇಡಿ. ಜೋಳದ ಕಣಿಕೆ ಮೊದಲು ದನದ ಪಾಲು. ಕಬ್ಬಿನ ರವದಿಯಲ್ಲಿ ಕೂಳೆ ಸಾಲಿನ ನಡುವೆ ಹಾಸುವಷ್ಟು ನೆಲದ ಪಾಲು, ಅದು ತೇವ ಕಾಯುತ್ತದೆ, ಕಳೆ ತಡೆಯುತ್ತದೆ. ಮೂರನೆಯದು ಒಲೆಯ ಪಾಲು. ಈ ಮೂರೂ ಮುಗಿದು ಉಳಿದದ್ದು ಪೇಟೆಯ ಪಾಲು. ನಾಳೆ ಯಾರಾದರೂ ಲಾರಿ ತಂದು ಒಳ್ಳೆಯ ದರ ಹೇಳಿದಾಗಲೂ ಈ ಕ್ರಮ ತಪ್ಪಿಸಬೇಡಿ.

ಇಂಡಿಯವರಿಗೆ ಒಂದು ಮಾತು. ನಿಂಬೆಯ ಸಿಪ್ಪೆ, ಕೊಳೆತ ಕಾಯಿ ರಾಶಿ ಬಿದ್ದಿದೆ ಎಂದು ಒಮ್ಮೆಗೇ ಗುಂಡಿಗೆ ಸುರಿಯಬೇಡಿ. ನಿಂಬೆಯ ಹುಳಿಯೂ ಸಿಪ್ಪೆಯ ಎಣ್ಣೆಯೂ ಅನಿಲ ಮಾಡುವ ಜೀವಿಗಳನ್ನು ಕೊಲ್ಲುತ್ತವೆ. ಸಗಣಿಯ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ, ಉಳಿದದ್ದನ್ನು ಕಾಂಪೋಸ್ಟ್ ಮಾಡಿ. ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿ ಉಳಿಯುವ ಪ್ರೆಸ್‌ಮಡ್ ಮಾತ್ರ ಅನಿಲಕ್ಕೆ ಒಳ್ಳೆಯ ಕಚ್ಚಾವಸ್ತು. ಅದನ್ನು ಅರಗಿಸಿ, ಶುದ್ಧ ಮಾಡಿ, ಒತ್ತಡದಲ್ಲಿ ತುಂಬಿ ವಾಹನದ ಇಂಧನವಾಗಿ ಮಾರುವ ದಾರಿಯನ್ನು 2018ರ ‘ಸತತ್’ ಯೋಜನೆ ತೆರೆದಿದೆ. ಅದು ದೊಡ್ಡ ಬಂಡವಾಳದ ಕೆಲಸ. ನಿಮ್ಮ ಊರ ಹತ್ತಿರ ಬಂದರೆ, ಅರಗಿದ ಗೊಬ್ಬರ ರೈತನಿಗೆ ಮರಳುತ್ತದೆಯೇ ಎಂದು ಮೊದಲ ಸಭೆಯಲ್ಲೇ ಎದ್ದು ಕೇಳಿ.

ಕೈಮುಗಿದು ಹೇಳುವುದೊಂದಿದೆ. ಏನೇ ಬಿದ್ದರೂ, ಏನೇ ಕಟ್ಟಿದರೂ ಗುಂಡಿಯೊಳಗೆ ಇಳಿಯಬೇಡಿ. ಅಲ್ಲಿ ಉಸಿರಾಡುವ ಗಾಳಿ ಇಲ್ಲ. ಒಬ್ಬನನ್ನು ಎತ್ತಲು ಇನ್ನೊಬ್ಬ ಇಳಿದು ಮನೆಮಂದಿಯೇ ಸಾಯುವುದು ಹೀಗೆ. ಬೀಡಿ, ದೀಪ ಹತ್ತಿರ ಒಯ್ಯಬೇಡಿ. ಸ್ಲರಿ ತೊಟ್ಟಿಗೆ ಮುಚ್ಚಳ ಇರಲಿ, ಮಕ್ಕಳು ಆಡುವ ಜಾಗ ಅದು.

ಸಗಣಿ ಮುಟ್ಟಲು ನಾಚಿಕೆಯೆನ್ನುವ ಮಾತು ನಿಮ್ಮ ಬಾಯಲ್ಲಿ ಬರಬಾರದು. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಬಾಳಿ ತೋರಿಸಿದ ಬಸವಣ್ಣನವರು ಹುಟ್ಟಿದ ನೆಲ ನಿಮ್ಮದು. ಕಲಸುವ ಕೆಲಸವನ್ನು ಅವ್ವನ, ಹೆಂಡತಿಯ ತಲೆಗೆ ಕಟ್ಟಿ ನೀವು ಮೊಬೈಲ್ ಹಿಡಿದು ಕೂರಬೇಡಿ. ಹೊಗೆ ತಪ್ಪಿಸಿ ದುಡಿಮೆ ಹೆಚ್ಚಿಸಿದರೆ ಅವರಿಗೆ ಸಿಕ್ಕ ಸುಖವಾದರೂ ಏನು?

ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಕೊಟ್ಟಿಗೆಯ ಒಂದು ದಿನದ ಸಗಣಿ ತೂಗಿ, ಹೊಲದ ಉಳಿಕೆ ಯಾವುದು ಎಷ್ಟು ಎಂದು ಬರೆಯಿರಿ. ಆ ಚೀಟಿ ಹಿಡಿದು ಇಂಡಿಯ ಇಲ್ಲವೇ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಗುಂಡಿಯ ಅಳತೆ ಕೇಳಿ. ತಾಲ್ಲೂಕು ಪಂಚಾಯಿತಿಯಲ್ಲಿ ಈಗಿನ ಸಹಾಯಧನ ಎಷ್ಟೆಂದು ವಿಚಾರಿಸಿ. ಕೇಂದ್ರ ಸರ್ಕಾರದ ಜೈವಿಕ ಇಂಧನ ಕಾರ್ಯಕ್ರಮದಲ್ಲಿ 1ರಿಂದ 25 ಘನ ಮೀಟರಿನ ಸಣ್ಣ ಘಟಕಗಳಿಗೆ ಅವಕಾಶವಿತ್ತು, ಅದು ಈಗಲೂ ಇದೆಯೇ ಎಂದೂ ಕೇಳಿ. ಗೋಬರ್‌ಧನ್ ಯೋಜನೆಯಲ್ಲಿ ಊರಿಗೆಲ್ಲ ಸೇರಿದ ಘಟಕವನ್ನೂ ಕೇಳಬಹುದು. ಲೆಕ್ಕ ಕೂಡಿದರೆ ಕಟ್ಟಿಸಿ, ಕೂಡದಿದ್ದರೆ ಒಳ್ಳೆಯ ತಿಪ್ಪೆಗುಂಡಿ ಮಾಡಿ. ಕಟ್ಟಿಸಿದವರು ದಿನಾ ಬೆಳಿಗ್ಗೆ ಕಲಸಿ, ಬಂದ ಸ್ಲರಿಯನ್ನು ಹೊಲಕ್ಕೆ ಒಯ್ಯಿರಿ. ಇಷ್ಟನ್ನು ತಪ್ಪದೆ ಮಾಡಿದರೆ ನಿಮ್ಮ ಮಕ್ಕಳ ಕೈಗೆ ನಮಗೆ ಸಿಕ್ಕಿದ್ದಕ್ಕಿಂತ ಮೇಲಾದ ಎರಿ ಹೊಲವನ್ನು ಕೊಟ್ಟು ಹೋಗುತ್ತೀರಿ.